ಬುತ್ತಿ, ಬಂಡಿ, ಬಸ್ಸು: ಕಡಿಮೆ ಕಾಸಿನಲ್ಲಿ ಊರು ಸುತ್ತಿದವರ ಚರಿತ್ರೆ

ಗುಡೇಕೋಟೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು ಕೂಡ್ಲಿಗಿ ಬಸ್ಸಿಗೆ ಕಾಯುತ್ತ ನಿಂತರೆ ಈ ಥರದ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಧರ್ಮಸ್ಥಳಕ್ಕೆ ಹೋಗಿ ಬಂದವಳೊಬ್ಬಳು ಹೋಗಬೇಕೆಂದಿರುವವಳಿಗೆ ಹೇಳುತ್ತಿರುತ್ತಾಳೆ: “ಆಧಾರ್ ಕಾರ್ಡು ಒರಿಜಿನಲ್ ಇಟ್ಕಳವ್ವ, ಜೆರಾಕ್ಸ್ ತೋರಿಸಿದ್ರೆ ಕಂಡಕ್ಟರು ತಕರಾರು ತೆಗೀತಾನೆ. ರಾತ್ರಿ ಬಸ್ಸಿಗೇ ಹತ್ತು, ರೂಮಿನ ದುಡ್ಡು ಉಳಿತೈತೆ. ರೊಟ್ಟಿ ಒಣಗಿಸ್ಕಂಡು ಹೋಗು. ಘಾಟಿಯಾಗೆ ಮಗೀಗೆ ವಾಂತಿ ಬರ್ತೈತೆ, ನಿಂಬೆಹಣ್ಣು ಮರೀಬ್ಯಾಡ.”

ಕೇಳುವವಳು ಏನನ್ನೂ ಬರೆದುಕೊಳ್ಳುವುದಿಲ್ಲ, ಆದರೆ ಒಂದು ಮಾತನ್ನೂ ಮರೆಯುವುದಿಲ್ಲ. ನಾಳೆ ಅವಳು ಹೋಗಿ ಬಂದ ಮೇಲೆ ಇನ್ನೊಬ್ಬಳಿಗೆ ಇದನ್ನೇ, ಇನ್ನೆರಡು ಮಾತು ಸೇರಿಸಿ ಹೇಳುತ್ತಾಳೆ. ಏಜೆಂಟರಿಲ್ಲ, ಪ್ಯಾಕೇಜ್ ಟೂರ್ ಇಲ್ಲ. ತಾವೇ ಗೊತ್ತು ಮಾಡಿಕೊಂಡು, ಕಾಸಿಗೆ ಕಾಸು ಲೆಕ್ಕ ಹಾಕಿಕೊಂಡು ಹೋಗಿಬರುವ ಈ ರೂಢಿ ಎಷ್ಟು ಹಳೆಯದು? ಬಸ್ಸೇ ಇಲ್ಲದ ಕಾಲದಲ್ಲಿ ನಮ್ಮ ಸೀಮೆಯವರು ಹೇಗೆ ಓಡಾಡಿದರು? ದಾರಿ ಯಾರು ಹೇಳಿದರು, ನೀರು ಯಾರು ಕೊಟ್ಟರು, ಯಾರಿಗೆ ಕೊಡಲಿಲ್ಲ? ಹುಡುಕುತ್ತ ಹೋದೆ. ಮೊದಲನೆಯ ಸಾಕ್ಷಿ ಬಹಳ ದೂರವೇನೂ ಇರಲಿಲ್ಲ.

ನಮ್ಮ ಪಕ್ಕದ ಮೊಳಕಾಲ್ಮುರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಪತ್ತೆ ಮಾಡಿದರು. ಕ್ರಿ.ಪೂ. 3ನೇ ಶತಮಾನದ ಆ ಬರಹದಲ್ಲಿ 256 ಎಂಬ ಅಂಕೆ ಬರುತ್ತದೆ. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಬಹುಪಾಲು ವಿದ್ವಾಂಸರು ಅರ್ಥ ಹೇಳುತ್ತಾರೆ. ಹಗಲು ಎಷ್ಟು ನಡೆದೆವು ಎನ್ನುವುದಕ್ಕಿಂತ ರಾತ್ರಿ ಎಲ್ಲಿ ತಂಗಿದೆವು ಎಂಬುದೇ ಮುಖ್ಯ ಎಂದು ದಾರಿ ನಡೆದವರಿಗೆಲ್ಲ ಗೊತ್ತು. ಅರಸನಿಗೂ ಅದೇ ಲೆಕ್ಕ.

ಅಲ್ಲಿ ನನಗೆ ಅರಸನಿಗಿಂತ ಹತ್ತಿರ ಅನ್ನಿಸಿದವನು ಬರೆದವನು. ಅವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿ ಬರೆದು, ಕೊನೆಗೆ ‘ಲಿಪಿಕಾರ’ ಎಂಬರ್ಥದ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿಸಿದ್ದಾನೆ. ಆ ಲಿಪಿ ಓದುತ್ತಿದ್ದದ್ದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಇಲ್ಲಿ ಅದನ್ನು ಓದಬಲ್ಲವರು ಒಬ್ಬರಾದರೂ ಇದ್ದರೋ ಇಲ್ಲವೋ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ನಮ್ಮ ಬಂಡೆಗಳ ನಡುವೆ ಬಂದು, ನಾನೂ ಬಂದಿದ್ದೆ ಅಂತ ಗುರುತು ಬಿಟ್ಟು ಹೋದಂತೆ ಕಾಣುತ್ತದೆ. ಈಗ ಕೋಟೆ ಗೋಡೆಗಳ ಮೇಲೆ ಹೆಸರು ಕೆತ್ತುವ ಹುಡುಗರಿಗೆ ಇದನ್ನು ಹೇಳಬಾರದು, ಅವರಿಗೆ ನೆಪ ಸಿಕ್ಕಂತಾಗುತ್ತದೆ.

ಆ ಶಾಸನ ನೋಡಲು ನಾನೂ ಗೆಳೆಯನೂ ಹೋದ ದಿನ ಹೋಗುವ ಬಸ್ಸನ್ನಷ್ಟೇ ವಿಚಾರಿಸಿದ್ದೆವು, ವಾಪಸ್ ಬರುವ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿರಲಿಲ್ಲ. ಕತ್ತಲಾದ ಮೇಲೆ ಒಂದು ಗುಡಿಯ ಜಗಲಿಯ ಮೇಲೆ ಮಲಗಿದೆವು. ಎದುರು ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು, “ಬರಾ ದಾರಿ ಕೇಳಿದಂಗೆ ಹೋಗಾ ದಾರೀನೂ ಕೇಳ್ಬೇಕಪ್ಪ” ಅಂದಳು. ಆ ರಾತ್ರಿಯೇ ಈ ಬರಹಕ್ಕೆ ಬೀಜ.

ಅಶೋಕ ತನ್ನ ಬೇರೆ ಶಾಸನಗಳಲ್ಲಿ ದಾರಿ ಬದಿ ಆಲದ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು, ತಂಗುವ ಜಾಗ ಮಾಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ದನಗಳಿಗೂ ಎಂದು ಸೇರಿಸಿಯೇ ಹೇಳಿದ್ದಾನೆ. ಮುಂದೆ ಕನ್ನಡ ಶಾಸನಗಳಲ್ಲಿ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಸಂಗತಿ ಬರುತ್ತದೆ. ಅರವಟ್ಟಿಗೆ ಅಂದರೆ ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಚಪ್ಪರ. ಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ತಲೆಯ ಭಾರ ಇಳಿಸಿ ಮತ್ತೆ ಎತ್ತಿಕೊಳ್ಳಲೆಂದು ಹೊರೆಗಲ್ಲು ನಿಲ್ಲಿಸುತ್ತಿದ್ದರು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡ ಕಲ್ಲು, ಅಷ್ಟೇ. ಕೆಲವು ಕಡೆ ಈಗಲೂ ಹಳೇ ದಾರಿಯ ಬದಿಗೆ ನಿಂತಿವೆ. ದಾರಿ ಟಾರ್ ಆಗಿ ಪಕ್ಕಕ್ಕೆ ಸರಿದಿರುತ್ತದೆ, ಕಲ್ಲು ಹೊಲದಲ್ಲಿ ಒಂಟಿಯಾಗಿರುತ್ತದೆ. ಎಲ್ಲಾದರೂ ಕಂಡರೆ ಇಲ್ಲಿ ಮೊದಲು ದಾರಿಯಿತ್ತು ಎಂದು ತಿಳಿಯಿರಿ.

ದೂರವನ್ನು ಆಗ ಹರಿದಾರಿಯಲ್ಲಿ ಎಣಿಸುತ್ತಿದ್ದರು. ಒಂದು ಹರಿದಾರಿ ಸುಮಾರು ಮೂರು ಮೈಲಿ. ದಿನಕ್ಕೆ ನಡೆಯುವಷ್ಟು ದೂರಕ್ಕೆ ಮಜಲು. ಈ ಲೆಕ್ಕ ನಮ್ಮ ಸೀಮೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಲಂಬಾಣಿಗಳಿಗೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ತಾಂಡಾಗಳಲ್ಲಿ ಈಗ ನೆಲೆ ನಿಂತಿರುವವರ ಹಿರಿಯರು ಒಂದು ಕಾಲಕ್ಕೆ ಇಡೀ ದಖ್ಖನ್ನಿನ ಸರಕು ಸಾಗಣೆದಾರರು. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸದ ಹೇರು ಹಾಕಿಕೊಂಡು, ಹೆಂಡತಿ ಮಕ್ಕಳ ಸಮೇತ ಹೋಗುತ್ತಿದ್ದರು. ಯಾವ ಕೆರೆ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಗುಡ್ಡದ ಬದಿಗೆ ಹುಲ್ಲು ಉಳಿದಿರುತ್ತದೆ, ಯಾವ ಸುಂಕದ ಕಟ್ಟೆಯಲ್ಲಿ ಎಷ್ಟು ಕೇಳುತ್ತಾರೆ, ಇದೆಲ್ಲ ಗೊತ್ತಿಲ್ಲದಿದ್ದರೆ ಎತ್ತು ಉಳಿಯುವುದಿಲ್ಲ. 1799ರಲ್ಲಿ ಟಿಪ್ಪುವಿನ ಮೇಲೆ ಬಂದ ಇಂಗ್ಲಿಷ್ ಸೈನ್ಯಕ್ಕೂ ಅಕ್ಕಿ ಬೇಳೆ ಹೊತ್ತವರಲ್ಲಿ ಇವರಿದ್ದರು. 19ನೇ ಶತಮಾನದಲ್ಲಿ ಬಂಡಿ ರಸ್ತೆ, ರೈಲು ಬಂದು ಅವರ ಕಸುಬು ಹೋಯಿತು. ಊರು ಊರು ಬಲ್ಲವರ ಮೇಲೆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕಣ್ಣು ಬಿತ್ತು. ತಿರುಗುವುದೇ ಅನುಮಾನಕ್ಕೆ ಕಾರಣವಾಯಿತು. ಇವತ್ತು ಅದೇ ತಾಂಡಾಗಳ ಜನ ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ ದುಡಿಮೆ ಅರಸಿ ಹೊರಡುತ್ತಾರೆ. ಯಾವ ಮೇಸ್ತ್ರಿ ಲೆಕ್ಕ ಸರಿಯಾಗಿ ಕೊಡುತ್ತಾನೆ, ಯಾವ ತೋಟದಲ್ಲಿ ಮಕ್ಕಳನ್ನು ಮಲಗಿಸಲು ಸೂರಿದೆ ಎಂಬುದು ತಾಂಡಾದಿಂದ ತಾಂಡಾಕ್ಕೆ ಫೋನಿನಲ್ಲಿ ಹರಿದಾಡುತ್ತದೆ. ಇದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಆದರೆ ದಾರಿಯ ತಿಳಿವು ಅನ್ನುವುದು ಇದ್ದರೆ ಅದು ಇದೇ.

ಇನ್ನು ಜಾತ್ರೆ. ನಮ್ಮ ಕಡೆ ಸಾಮಾನ್ಯ ರೈತಾಪಿ ಮನೆಯವರು ಊರು ಬಿಟ್ಟು ನಾಲ್ಕು ದಿನ ಹೊರಗೆ ಉಳಿಯುತ್ತಿದ್ದದ್ದು ಜಾತ್ರೆಗೇ. ಹಡಗಲಿ ತಾಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಹೋಗುವುದು ಈಗಲೂ ನಿಂತಿಲ್ಲ, ಟ್ರ್ಯಾಕ್ಟರುಗಳು ಸೇರಿಕೊಂಡಿವೆ ಅಷ್ಟೇ. ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಒಂದೇ ಸಾಲಿನ ಮಾತು. ಅದನ್ನು ಕೇಳಿ ಈ ವರ್ಷ ಮಳೆ ಹೇಗೆ, ಬೆಳೆ ಹೇಗೆ ಎಂದು ಅರ್ಥ ಮಾಡುತ್ತ ವಾಪಸ್ ಬರುವುದು.

ಆ ಹೋಗಿಬರುವ ಲೆಕ್ಕಾಚಾರ ನೋಡಿ. ಹದಿನೈದು ದಿನ ಮೊದಲೇ ಬಂಡಿಯ ಗಾಲಿ ನೋಡಿಸಬೇಕು, ಎತ್ತಿಗೆ ಲಾಳ ಹೊಡೆಸಬೇಕು, ಕೊಂತಕ್ಕೆ ಹಾಕುವ ಕೀಲೆಣ್ಣೆ ಜೊತೆಗಿರಬೇಕು. ಮೇಲೆ ಕೊಲ್ಲಾರಿ ಕಟ್ಟಿದರೆ ಹಗಲು ನೆರಳು, ರಾತ್ರಿ ಮನೆ. ಕೆಳಗೆ ಸೊಪ್ಪೆ ಹಾಸಿದರೆ ಮಲಗುವವರಿಗೆ ಹಾಸಿಗೆ, ಎತ್ತಿಗೆ ಮೇವು. ಹೋಗುವಾಗ ದಪ್ಪಗಿದ್ದ ಹಾಸಿಗೆ ಬರುವಾಗ ತೆಳ್ಳಗಾಗಿರುತ್ತದೆ. ಬುತ್ತಿಯದು ಬೇರೆಯೇ ಶಾಸ್ತ್ರ. ಮೊದಲ ದಿನಕ್ಕೆ ಮೆತ್ತನೆ ರೊಟ್ಟಿ, ಪಲ್ಯ, ಬುತ್ತಿಯನ್ನ. ಎರಡನೇ ದಿನದಿಂದ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಕೆಡುವುದನ್ನು ಮೊದಲು, ಉಳಿಯುವುದನ್ನು ಕೊನೆಗೆ. ನೀರು ಸೋಕದ ಯಾವುದೂ ಬೇಗ ಹಳಸುವುದಿಲ್ಲ ಎಂಬ ಒಂದೇ ಸೂತ್ರದ ಮೇಲೆ ನಮ್ಮ ಅವ್ವಂದಿರು ಈ ಬುತ್ತಿಯನ್ನು ಕಟ್ಟಿದ್ದಾರೆ. ಇವತ್ತು ಗಂಟಿಗೆ ನೂರಾರು ರೂಪಾಯಿ ಕೊಟ್ಟು ಬೆಟ್ಟ ಹತ್ತುವವರು ಕೊಳ್ಳುವ ಒಣ ಆಹಾರದ ಪೊಟ್ಟಣಕ್ಕೂ ಇದೇ ಸೂತ್ರ.

ಒಂಟಿ ಬಂಡಿ ಹೊರಡುತ್ತಿರಲಿಲ್ಲ. ಏಳೆಂಟು ಬಂಡಿ ಸೇರಿ, ಹಿಂದೆ ಹೋಗಿ ಬಂದಿದ್ದ ಹಿರಿಯನ ಬಂಡಿ ಮುಂದೆ. ಎಲ್ಲಿ ಕೊಳ್ಳ ಹರಿಸಬೇಕು, ಎಲ್ಲಿ ಹೊತ್ತು ಮುಳುಗುವ ಮೊದಲೇ ಬಿಡಾರ ಬಿಡಬೇಕು ಎಂಬುದು ಅವನ ತಲೆಯಲ್ಲಿ. ಅವನ ಪಕ್ಕ ಕೂರಲು ಹುಡುಗರಿಗೆ ಅವಕಾಶ ಸಿಕ್ಕರೆ ಅದೇ ಪಾಠ. ಹತ್ತು ವರ್ಷಕ್ಕೆ ಆ ಹುಡುಗನದೇ ಮುಂದಿನ ಬಂಡಿ.

ಕೊಟ್ಟೂರಿಗೆ ಬಂಡಿಗಿಂತ ಕಾಲ್ನಡಿಗೆ ಹೆಚ್ಚು. ಗುರು ಬಸವೇಶ್ವರನ ತೇರಿಗೆ ಮುಂಚೆ ದಾವಣಗೆರೆ ಕಡೆಯಿಂದ, ಸುತ್ತಲ ಜಿಲ್ಲೆಗಳಿಂದ ಸಾವಿರಾರು ಜನ ನಡೆದು ಬರುತ್ತಾರೆ. ಮಾಘದ ಬಿಸಿಲಿಗೆ ಹೆದರಿ ರಾತ್ರಿಯೇ ಹೆಚ್ಚು ನಡೆಯುವುದು. ದಾರಿಯುದ್ದಕ್ಕೂ ಪ್ರಸಾದ, ಮಜ್ಜಿಗೆ, ಕಾಲಿಗೆ ಬಿಸಿನೀರು. ಕೊಡುವವರು ಬಹುಪಾಲು ಹಿಂದೆ ತಾವೂ ನಡೆದವರು, ನಡೆಯುವವನಿಗೆ ಎಷ್ಟನೇ ಮೈಲಿಗೆ ಏನು ಬೇಕಾಗುತ್ತದೆ ಎಂದು ಬಲ್ಲವರು. ಮೊದಲ ಸಲ ನಡೆಯುವವರಿಗೆ ಸಿಗುವ ಬುದ್ಧಿಮಾತೂ ಒಂದೇ ಬಗೆಯದು: ಹೊಸ ಚಪ್ಪಲಿ ಬೇಡ, ಪಾದಕ್ಕೆ ಕೊಬ್ಬರಿ ಎಣ್ಣೆ, ಕೂತರೆ ಬೇಗ ಏಳು, ಹೊಟ್ಟೆ ತುಂಬ ತಿನ್ನಬೇಡ. ಕೈಯಲ್ಲಿ ಒಂದು ರೂಪಾಯಿ ಇಲ್ಲದವನೂ ಈ ದಾರಿಯಲ್ಲಿ ಉಪವಾಸ ಬೀಳುವುದಿಲ್ಲ. ಶರಣರ ಕಾಲದ ದಾಸೋಹ ಎಂಬ ಮಾತು ಪುಸ್ತಕದಲ್ಲಿ ಉಳಿಯದೆ ರಸ್ತೆ ಮೇಲೆ ಉಳಿದಿರುವುದು ಇಲ್ಲಿ.

ಜಾತ್ರೆ ಹತ್ತಿರದ ಮಾತಾಯಿತು. ದೂರದ್ದೆಂದರೆ ಕಾಶಿ. ಗಡಿಯಲ್ಲಿರುವ ನಮಗೆ ತೆಲುಗಿನ ಗಾದೆಯೂ ಗೊತ್ತು: ಕಾಶಿಗೆ ಹೋದವನೂ ಕಾಟಿಗೆ, ಅಂದರೆ ಸುಡುಗಾಡಿಗೆ ಹೋದವನೂ ಒಂದೇ. ವಾಪಸ್ ಬರುವ ಭರವಸೆ ಇರಲಿಲ್ಲ. ಈ ಭಯ ಕಮ್ಮಿ ಮಾಡಿದವರಲ್ಲಿ ಮದ್ರಾಸಿನ ಏನುಗುಲ ವೀರಸ್ವಾಮಿ ಒಬ್ಬರು. ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಅವರು 1830ರ ಮೇ ತಿಂಗಳಲ್ಲಿ ಹೊರಟು ಕಾಶಿ ಮುಟ್ಟಿ 1831ರ ಸೆಪ್ಟೆಂಬರಿನಲ್ಲಿ ಮರಳಿದರು. ಪಲ್ಲಕ್ಕಿ, ಆಳುಕಾಳು, ನೂರರ ಹತ್ತಿರ ಜನ. ಹಾಗಾಗಿ ಇದು ಬಡವರ ಯಾತ್ರೆಯಲ್ಲ. ಆದರೆ ದಾರಿಯಿಂದ ಗೆಳೆಯನಿಗೆ ಬರೆದು ಕಳಿಸುತ್ತಿದ್ದ ವಿವರಗಳು ಬಡವನಿಗೂ ಬೇಕಾದವು: ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ, ಅಲ್ಲಿ ಅಂಗಡಿ ಇದೆಯೇ, ನೀರು ಹೇಗೆ, ತಂಗಲು ಜಾಗ ಇದೆಯೇ, ದಾರಿ ಕಲ್ಲೋ ಕೆಸರೋ. 1838ರಲ್ಲಿ ಅದು ‘ಕಾಶೀಯಾತ್ರಾ ಚರಿತ್ರ’ ಎಂಬ ತೆಲುಗು ಪುಸ್ತಕವಾಯಿತು. ಮುಂದಿನವನಿಗೆ ಅನುಕೂಲವಾಗಲಿ ಎಂದು ಬರೆದ ಬರಹ, ಹೊಗಳಿಕೆಯ ಬರಹವಲ್ಲ.

ಅದಕ್ಕೂ ಮೂರೂವರೆ ಶತಮಾನ ಮೊದಲು ಕನ್ನಡ ನೆಲಕ್ಕೆ ಬಂದ ಒಬ್ಬ ನಿಜವಾದ ಕಾಸಿಲ್ಲದ ಪ್ರಯಾಣಿಕನನ್ನೂ ನೆನೆಯಬೇಕು. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ವೋಲ್ಗಾ ನದಿಯ ಮೇಲೆ ದರೋಡೆಯಾಗಿ ಸರಕೆಲ್ಲ ಕಳಕೊಂಡ. ಒಂದೇ ಒಂದು ಕುದುರೆಯನ್ನು ಮಾರುವ ಆಸೆಯಿಂದ ಸಮುದ್ರ ದಾಟಿ ಬಂದು ಬೀದರ್ ಸೇರಿದ. 1470ರ ಆಸುಪಾಸಿನ ಮಾತು. ಅವನ ಟಿಪ್ಪಣಿಯಲ್ಲಿ ಒಂದು ಕಹಿ ಸಾಲಿದೆ. ಇಲ್ಲಿ ನಮ್ಮ ದೇಶಕ್ಕೆ ಬೇಕಾದ ಸರಕು ಬೇಕಾದಷ್ಟಿದೆ ಎಂದು ವರ್ತಕರು ಹೇಳಿ ನನಗೆ ಮೋಸ ಮಾಡಿದರು, ಮೆಣಸು ಬಣ್ಣ ಅಗ್ಗ ನಿಜ, ಆದರೆ ಸುಂಕ ಬಹಳ, ಕಡಲಲ್ಲಿ ಕಳ್ಳರು ಬಹಳ ಎಂಬ ಅರ್ಥದ್ದು. ವಿಜಯನಗರಕ್ಕೆ ಬಂದ ರಾಯಭಾರಿಗಳು ಅರಮನೆಯ ಚಿನ್ನ ವರ್ಣಿಸಿದರು. ಇವನು ಮೋಸ ಹೋದದ್ದನ್ನು ಬರೆದಿಟ್ಟ. ಹಿಂದೆ ಬರುವವನಿಗೆ ಯಾವುದು ಹೆಚ್ಚು ಉಪಯೋಗ ಎಂದು ನೀವೇ ಹೇಳಿ.

ರೈಲು ಬಂದ ಮೇಲೆ ಲೆಕ್ಕವೇ ಬದಲಾಯಿತು. 1876ರಿಂದ 78ರವರೆಗಿನ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆ ತತ್ತರಿಸಿತ್ತು. ಅನ್ನ ಅರಸಿ ಊರು ಬಿಟ್ಟು ನಡೆದವರಲ್ಲಿ ಎಷ್ಟೋ ಜನ ದಾರಿಯಲ್ಲೇ ಬಿದ್ದರು. ಬರ ಬಂದಾಗ ದವಸ ಸಾಗಿಸಲು ಬೇಕೆಂದೇ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಳಿ ಹಾಕಿತು, ಹೊಸಪೇಟೆಗೆ ರೈಲು ಬಂತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ಕವಲು ದಾರಿ 1905ರಲ್ಲಿ ತೆರೆಯಿತು. ದವಸಕ್ಕೆಂದು ಹಾಕಿದ ಹಳಿಯ ಮೇಲೆ ಜನ ಮುಗಿಬಿದ್ದರು. ಇಡೀ ದೇಶದಲ್ಲೂ ಹಾಗೆಯೇ, ರೈಲು ಹತ್ತಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮೂರನೇ ದರ್ಜೆಯವರು. ಕಂಪನಿಗೆ ದುಡ್ಡು ತಂದವರು ಅವರು, ಬೆಂಚು ಸಿಗದವರೂ ಅವರೇ.

ಮೂರನೇ ದರ್ಜೆಯ ಲೆಕ್ಕ ಬರೆದಿಟ್ಟವರಲ್ಲಿ ಗಾಂಧೀಜಿಯಂಥವರು ಇನ್ನೊಬ್ಬರಿಲ್ಲ. 1902ರಲ್ಲಿ ಅವರಿನ್ನೂ ಮಹಾತ್ಮರಲ್ಲ, ದಕ್ಷಿಣ ಆಫ್ರಿಕಾದಿಂದ ಬಂದಿದ್ದ ವಕೀಲರು. ಕಲ್ಕತ್ತದಿಂದ ರಾಜಕೋಟೆಗೆ ಮೂರನೇ ದರ್ಜೆಯಲ್ಲೇ ಹೋಗಿ ನೋಡೋಣ ಅಂತ ಹೊರಟರು. ಹನ್ನೆರಡಾಣೆಯ ಕ್ಯಾನ್ವಾಸ್ ಚೀಲ, ಉದ್ದನೆಯ ಉಣ್ಣೆ ಕೋಟು, ಒಂದು ಧೋತ್ರ, ಟವೆಲು, ಅಂಗಿ, ಕಂಬಳಿ, ನೀರಿನ ಚೊಂಬು. ಗೋಖಲೆಯವರು ಒಂದು ಡಬ್ಬಿ ತುಂಬ ಉಂಡಿ, ಪೂರಿ ಕೊಟ್ಟು ಕಳಿಸಿದರು. ನೋಡಿ, ಬುತ್ತಿ ಅಲ್ಲೂ ಬಂತು. ಕಾಶಿ, ಆಗ್ರಾ, ಜೈಪುರ, ಪಾಲನಪುರದಲ್ಲಿ ಒಂದೊಂದು ದಿನ ಇಳಿದು, ಹೆಚ್ಚಾಗಿ ಧರ್ಮಶಾಲೆಯಲ್ಲೋ ಪಂಡರ ಮನೆಯಲ್ಲೋ ತಂಗಿದರು. ರೈಲಿನ ಚಾರ್ಜೂ ಸೇರಿ ಒಟ್ಟು ಖರ್ಚು ಮೂವತ್ತೊಂದು ರೂಪಾಯಿಗೆ ಮೀರಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ 1917ರಲ್ಲಿ ಬೊಂಬಾಯಿಯಿಂದ ಮದ್ರಾಸಿಗೆ ಹೋದಾಗ 22 ಜನರ ಡಬ್ಬಿಯಲ್ಲಿ 35 ಜನ ತುರುಕಿಕೊಂಡಿದ್ದನ್ನೂ, ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯದಾದದ್ದನ್ನೂ ದೂರಿನ ರೂಪದಲ್ಲಿ ಬರೆದರು. ಅವರ ಚಿತಾಭಸ್ಮ ಇರುವ ಸ್ಮಾರಕ ನಮ್ಮ ಕೂಡ್ಲಿಗಿಯಲ್ಲೇ ಇದೆ. ವರ್ಷಕ್ಕೆರಡು ಸಲ ಅಲ್ಲಿ ಹೂವಿಡುತ್ತೇವೆ. ಅವರ ಖರ್ಚಿನ ಲೆಕ್ಕವನ್ನೂ ಮಕ್ಕಳಿಗೆ ಓದಿಸಬಹುದು.

ಇಲ್ಲಿಯವರೆಗೆ ಓದಿದವರಲ್ಲಿ ಕೆಲವರಿಗೆ ಒಂದು ಮಾತು ಚುಚ್ಚಿರಬೇಕು. ಅರವಟ್ಟಿಗೆ, ಛತ್ರ, ಧರ್ಮಶಾಲೆ ಅಂದೆನಲ್ಲ, ಯಾರಿಗೆ? ಅಗ್ಗದ ಪ್ರಯಾಣದ ಮೊದಲ ಬಂಡವಾಳ ದುಡ್ಡಲ್ಲ, ದಾರಿಯಲ್ಲಿ ಸಿಗುವ ನೀರು ಮತ್ತು ಜಗಲಿ. ಅದು ಎಲ್ಲರಿಗೂ ಸಿಗುತ್ತಿರಲಿಲ್ಲ.

1901ರಲ್ಲಿ ಸಾತಾರಾದಿಂದ ಕೆಲವು ಹುಡುಗರು ಕೋರೆಗಾಂವದಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡಲು ಹೊರಟರು. ಅವರಲ್ಲೊಬ್ಬ ಭೀಮರಾವ್ ಅಂಬೇಡ್ಕರ್. ಹೊಸ ಬಟ್ಟೆ, ಊಟದ ಡಬ್ಬಿ, ಮೊದಲೇ ಅಪ್ಪನಿಗೆ ಕಾಗದ, ಎಲ್ಲ ತಯಾರಿಯೂ ಸರಿಯಿತ್ತು. ಆದರೆ ಆ ಕಾಗದವನ್ನು ಆಳು ಅಪ್ಪನಿಗೆ ಮುಟ್ಟಿಸಲಿಲ್ಲ. ಮಸೂರು ಸ್ಟೇಷನ್ನಿನಲ್ಲಿ ಯಾರೂ ಬರಲಿಲ್ಲ. ಹುಡುಗರು ಮಹಾರರು ಎಂದು ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರ ಹಿಂದೆ ಸರಿದ, ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಹುಡುಗರೇ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದು ಬರುವ ಒಪ್ಪಂದವಾಯಿತು. ಡಬ್ಬಿಯಲ್ಲಿ ಊಟವಿತ್ತು, ಕುಡಿಯಲು ನೀರಿಲ್ಲ. ಸುಂಕದ ಕಟ್ಟೆಯವನ ಹತ್ತಿರ ಮುಸಲ್ಮಾನರು ಅಂತ ಹೇಳಿ, ನೀರು ಕೊಟ್ಟಾನು ಎಂದು ಗಾಡಿಯವನು ಉಪಾಯ ಹೇಳಿಕೊಟ್ಟ. ಹಾಗೆ ಹೇಳಿದರೂ ಅಲ್ಲಿ ನೀರು ಸಿಗಲಿಲ್ಲ. ಮಕ್ಕಳು ಹಸಿದೇ ಮಲಗಿದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಬಾಬಾಸಾಹೇಬರು ಇದನ್ನು ವಿವರವಾಗಿ ಹೇಳಿದ್ದಾರೆ. ಆ ಗಾಡಿಯವನ ಮಾತೂ ಒಂದು ಪ್ರಯಾಣದ ಸಲಹೆಯೇ. ನಿನ್ನ ಹೆಸರು ಮುಚ್ಚಿಡು ಎಂಬ ಸಲಹೆ.

ಸಮುದ್ರದಾಚೆಯೂ ಇದೇ ಇತ್ತು. ಅಮೆರಿಕದಲ್ಲಿ ಕಪ್ಪು ಜನ ಕಾರಿನಲ್ಲಿ ಹೊರಟರೆ ಎಲ್ಲಿ ಊಟ ಕೊಡುತ್ತಾರೆ, ಎಲ್ಲಿ ಹೊಡೆಯುತ್ತಾರೆ ಗೊತ್ತಾಗುತ್ತಿರಲಿಲ್ಲ. ನ್ಯೂಯಾರ್ಕಿನ ಪೋಸ್ಟ್‌ಮನ್ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಒಂದು ಸಣ್ಣ ಪುಸ್ತಕ ಹೊರತಂದರು. ತಮ್ಮನ್ನು ಒಳಗೆ ಬಿಡುವ ಹೋಟೆಲು, ಮನೆ, ಪೆಟ್ರೋಲ್ ಬಂಕುಗಳ ಪಟ್ಟಿ. ಓದುಗರು ತಾವು ಹೋದ ಕಡೆಯ ವಿಳಾಸ ಬರೆದು ಕಳಿಸುತ್ತಿದ್ದರು, ಮುಂದಿನ ವರ್ಷದ ಪುಸ್ತಕಕ್ಕೆ ಅದು ಸೇರುತ್ತಿತ್ತು. ಹೀಗೆ ಸುಮಾರು ಮೂವತ್ತು ವರ್ಷ ನಡೆಯಿತು.

ನಮ್ಮಲ್ಲಿ ಅಂಥ ಪುಸ್ತಕ ಬರಲಿಲ್ಲ. ಬಾಯಿಮಾತಿನಲ್ಲೇ ಇತ್ತು: ಆ ಊರಿನ ಹೋಟೆಲಿಗೆ ಹೋಗಬೇಡ, ಈ ಊರಿನ ಕೇರಿಯಲ್ಲಿ ನಮ್ಮವರಿದ್ದಾರೆ. ಬೀಗರೂರು ಎಂಬುದೇ ಎಷ್ಟೋ ಜನರಿಗೆ ಛತ್ರವಾಗಿತ್ತು. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರಿಸಿ, ಯಾರನ್ನೂ ತಡೆಯುವಂತಿಲ್ಲ ಎಂದು ಬರೆದಿದೆ. ಆ ಸಾಲನ್ನು ಓದುವಾಗ ಅದು ಬರೀ ಕಾನೂನಿನ ಭಾಷೆ ಅನ್ನಿಸುವುದಿಲ್ಲ. ಬಾಯಾರಿ ಮಲಗಿದ ಮಕ್ಕಳ ದಾರಿಯಲ್ಲಿ ಬಂದ ಜಾಗಗಳೇ ಅವು.

ಹಂಪಿಯ ಮಾತು ಹೇಳದೆ ನಮ್ಮ ಸೀಮೆಯ ಪ್ರವಾಸದ ಕಥೆ ಪೂರ್ತಿಯಾಗದು. 1905ರಲ್ಲಿ ಆಲೂರು ವೆಂಕಟರಾಯರು ಅಲ್ಲಿಗೆ ಹೋಗಿ ಬಂದದ್ದು ‘ಕರ್ನಾಟಕ ಗತವೈಭವ’ಕ್ಕೆ ಕಾರಣವಾಯಿತು. ವಿ. ಸೀತಾರಾಮಯ್ಯನವರು ‘ಪಂಪಾಯಾತ್ರೆ’ ಬರೆದರು. ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ 1917ರಲ್ಲಿ ಇಂಗ್ಲಿಷಿನಲ್ಲಿ ಕೈಪಿಡಿ ಬರೆದರು. ಆಗ ಬಂದವರು ಇಳಿದುಕೊಳ್ಳುತ್ತಿದ್ದ ಕಮಲಾಪುರದ ಬಂಗಲೆ ಒಂದು ಹಳೇ ಗುಡಿಯನ್ನೇ ಮಾರ್ಪಡಿಸಿದ್ದು. ಅದು ಸರ್ಕಾರಿ ದೊಡ್ಡವರಿಗೆ. ರೈತ ಎಂದಿನಂತೆ ವಿರೂಪಾಕ್ಷನ ಗುಡಿಯ ಸಾಲುಮಂಟಪದಲ್ಲಿ ಮಲಗುತ್ತಿದ್ದ. ಆಮೇಲೆ ಅದೇ ಬಜಾರಿನ ಮಂಟಪಗಳ ನಡುವೆ ವಿದೇಶಿ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಬಂದರು. 1981ರಲ್ಲಿ ಲೋನ್ಲಿ ಪ್ಲಾನೆಟ್‌ನವರ ಭಾರತದ ಕೈಪಿಡಿ ಬಂತು. ಅದೂ ಓದುಗರ ಕಾಗದಗಳನ್ನು ನೋಡಿ ಮುಂದಿನ ಆವೃತ್ತಿ ತಿದ್ದುತ್ತಿತ್ತು. ಅವರ ದುಡ್ಡಿನಿಂದ ಬದುಕು ಕಟ್ಟಿಕೊಂಡ ಬಜಾರಿನ ಮನೆ ಅಂಗಡಿಗಳು 2011ರಲ್ಲಿ, ಹೊಳೆಯಾಚೆಯ ವಿರುಪಾಪುರಗಡ್ಡೆಯ ವಸತಿಗಳು 2020ರಲ್ಲಿ ತೆರವಾದವು. ಸ್ಮಾರಕ ಉಳಿಯಬೇಕು ಸರಿ. ಕಡಿಮೆ ಕಾಸಿನವನು ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ದೊಡ್ಡ ಹೋಟೆಲುಗಳು ಉತ್ತರವಲ್ಲ ಎಂಬುದು ನನ್ನ ಅನಿಸಿಕೆ.

ಹಂಪಿಗೆ ಬಂದವರು ಗುಡೇಕೋಟೆಯವರೆಗೆ ಬರುವುದು ಕಮ್ಮಿ. ಪಾಳೇಗಾರರ ಕೋಟೆ, ಬಂಡೆಯ ಮೇಲೆ ಬಂಡೆ ಇಟ್ಟಂಥ ಗುಡ್ಡಗಳು, ಒನಕೆ ಓಬವ್ವನ ತವರು ಇದೇ ಎಂಬ ಊರವರ ಮಾತು, 2013ರಲ್ಲಿ ಘೋಷಣೆಯಾದ ಕರಡಿಧಾಮ. ಬರುವವರಿಗೆ ಒಂದೇ ಮಾತು ಹೇಳುತ್ತೇನೆ. ಹೊತ್ತು ಮುಳುಗಿದ ಮೇಲೆ ಗುಡ್ಡದ ದಾರಿ ನಿಮ್ಮದಲ್ಲ, ಕರಡಿಯದು. ನಮ್ಮೂರ ದನಗಾಹಿಗಳನ್ನು ಕೇಳಿದರೆ ಇಷ್ಟನ್ನು ಅವರು ಪುಕ್ಕಟೆ ಹೇಳುತ್ತಾರೆ.

ಕೊನೆಗೆ ಬಸ್ಸು. ಹಳೇ ಮೈಸೂರಿನಲ್ಲಿ ಸರ್ಕಾರಿ ಬಸ್ಸು 1948ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ನಾವಾಗ ಮದ್ರಾಸ್ ಪ್ರಾಂತ್ಯದವರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಕೂಡ್ಲಿಗಿ ಮೈಸೂರಿಗೆ ಸೇರಿತು. ಸಂತೆ, ರೈಲು, ಬೀಗತನ ಅಂತ ರಾಯದುರ್ಗದ ಕಡೆ ಮುಖ ಮಾಡಿದ್ದ ಗುಡೇಕೋಟೆಯ ಮನೆಗಳಿಗೆ ಒಂದೇ ದಿನಕ್ಕೆ ಪಕ್ಕದೂರು ಪರರಾಜ್ಯವಾಯಿತು.

ಅದರ ಬಿಸಿ ಈಗ ಮತ್ತೆ ತಟ್ಟುತ್ತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬಂಡಿಯ ಕೊಲ್ಲಾರಿಯೊಳಗೆ ಕೂತು, ಗಂಡಸರು ಹೊರಟಾಗ ಮಾತ್ರ ಹೊರಡುತ್ತಿದ್ದವರು ಈಗ ನಾಲ್ಕೈದು ಜನ ಸೇರಿ ತಾವೇ ದಿನ ಗೊತ್ತು ಮಾಡುತ್ತಾರೆ. ಎಷ್ಟೋ ಜನ ಮೊದಲ ಬಾರಿ ಸಮುದ್ರ ಕಂಡದ್ದು ಆ ಸೊನ್ನೆ ಟಿಕೆಟ್ಟಿನ ಮೇಲೆ. ಆದರೆ ಅಂತರರಾಜ್ಯ ಬಸ್ಸಿಗೆ ಯೋಜನೆ ಅನ್ವಯವಾಗದು. ಗುಡೇಕೋಟೆಯ ಸೊಸೆ ನೂರಾರು ಮೈಲಿ ದೂರದ ಧರ್ಮಸ್ಥಳಕ್ಕೆ ಪುಕ್ಕಟೆ ಹೋಗಿ ಬರಬಹುದು. ತವರು ರಾಯದುರ್ಗದ ಪಕ್ಕದಲ್ಲಿದ್ದರೆ ಅಲ್ಲಿಗೆ ದುಡ್ಡು ಕೊಡಬೇಕು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಆ ಲೆಕ್ಕವನ್ನೇ ಬಿಡಿಸುತ್ತಿದ್ದರು. ಕಂಕುಳಲ್ಲಿ ಕೂಸಿದ್ದ ಹುಡುಗಿಗೆ ಒಬ್ಬ ದೊಡ್ಡವ್ವ ಹೇಳುತ್ತಿದ್ದಳು: “ಗಡಿ ಇತ್ಲಾಗಿನ ಕೊನೇ ಊರಿಗೆ ನಮ್ ಬಸ್ಸಿನಾಗೆ ಹೋಗಿ ಇಳ್ಕ. ಅಲ್ಲಿಂದ ಆಟೋದಾಗೆ ನಾಕು ಜನ ಆಗೋವರ್ಗೂ ಹತ್ತಬ್ಯಾಡ, ಒಬ್ಬಳೇ ಹತ್ತಿದ್ರೆ ಜಾಸ್ತಿ ಕೇಳ್ತಾನೆ. ನಿಮ್ಮಣ್ಣಗೆ ಫೋನ್ ಹಚ್ಚಿ ಗಾಡಿ ತಗಂಡು ಬಾ ಅನ್ನು. ಬರ್ಲಿಲ್ಲ ಅಂದ್ರೆ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದ್ಬಿಡು, ಆಮ್ಯಾಕೆ ಬಸ್ಸಿಲ್ಲ.”

ಹುಡುಗಿ ಕೇಳಿದಳು, “ಮಧ್ಯಾಹ್ನ ಎಷ್ಟೊತ್ತಿಗೆ, ದೊಡ್ಡವ್ವ?”